ತಾಳ ಹಿಡಿದವರ ಪಾಲು: ಲೀವನ್ ಹೆಲ್ಮ್ ಅವರ ಬದುಕು ಮತ್ತು ಸಂಗೀತ



ಹಾಡೊಂದು ಯಾರದು ಎಂದು ಕೇಳಿದರೆ ಕಾನೂನು ತಡವರಿಸುವುದಿಲ್ಲ. ಸಾಹಿತ್ಯ ಬರೆದವರದು, ಧಾಟಿ ಹಾಕಿದವರದು ಎಂದು ಹೇಳಿ ಕಡತ ಮುಚ್ಚುತ್ತದೆ. ಆ ಹಾಡು ಯಾವ ನಡೆಯಲ್ಲಿ ಸಾಗಬೇಕು, ಎಲ್ಲಿ ಅರೆಗಳಿಗೆ ತಡೆಯಬೇಕು, ಯಾವ ಪದದ ಮೇಲೆ ಭಾರ ಬೀಳಬೇಕು, ಎಲ್ಲಿ ಏನನ್ನೂ ಬಾರಿಸದೆ ಬಿಡಬೇಕು ಎಂದು ತೀರ್ಮಾನಿಸಿದವರ ಹೆಸರು ಆ ಕಡತದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂದಿನ ಕೂಲಿ ಅಂದಿಗೆ ಸಂದಿತು ಎಂಬ ಲೆಕ್ಕ. ರಾಕ್ ಸಂಗೀತದ ಮಟ್ಟಿಗೆ ಈ ಲೆಕ್ಕ ಎಷ್ಟು ಸರಿ ಎಂಬುದು ಇಂದಿನ ನನ್ನ ವಿಷಯ. ಅದನ್ನು ಬರಿಯ ತತ್ತ್ವವಾಗಿ ಚರ್ಚಿಸುವ ಬದಲು, ಡ್ರಮ್ಸ್ ಬಾರಿಸುತ್ತಲೇ ಹಾಡುತ್ತಿದ್ದ ಅಮೆರಿಕದ ಕಲಾವಿದ ಲೀವನ್ ಹೆಲ್ಮ್ ಅವರ ಬದುಕನ್ನು ಆಧಾರವಾಗಿಟ್ಟುಕೊಂಡು ನೋಡೋಣ. 2012ರ ಏಪ್ರಿಲ್ 19ರಂದು ನ್ಯೂಯಾರ್ಕಿನಲ್ಲಿ ಅವರು ತೀರಿಕೊಂಡಾಗ ವಯಸ್ಸು 71. 'ದಿ ಬ್ಯಾಂಡ್' ಎಂಬ ಸರಳ ಹೆಸರಿನ ತಂಡದ ಐವರಲ್ಲಿ ಅವರೊಬ್ಬರು.

ರಾಕ್ ಸಂಗೀತದಲ್ಲಿ ಡ್ರಮ್ಸ್ ಬಾರಿಸುತ್ತ ಮುಖ್ಯ ಗಾಯಕರೂ ಆದವರು ಕಡಮೆ. ಬೀಟಲ್ಸ್ ತಂಡದಲ್ಲಿ ರಿಂಗೊ ಸ್ಟಾರ್ ಅವರಿಗೆ ಆಗೊಂದು ಈಗೊಂದು ಹಾಡು ಸಿಗುತ್ತಿತ್ತು, ಅಷ್ಟೆ. ಕ್ಯಾರೆನ್ ಕಾರ್ಪೆಂಟರ್ ಒಳ್ಳೆಯ ಡ್ರಮ್ಮರ್. ಆದರೆ ಕಂಠಕ್ಕೆ ಹೆಸರು ಬರುತ್ತಿದ್ದಂತೆ ಅವರನ್ನು ವಾದ್ಯದಿಂದ ಎಬ್ಬಿಸಿ ವೇದಿಕೆಯ ಮುಂದೆ ತಂದು ನಿಲ್ಲಿಸಿದರು. ಫಿಲ್ ಕಾಲಿನ್ಸ್ ಅವರದೂ ಬಹುಮಟ್ಟಿಗೆ ಅದೇ ದಾರಿ. ಹಾಡುವವರು ಎದುರಿಗೆ ಕಾಣಬೇಕು ಎಂಬುದು ಪ್ರದರ್ಶನದ ಉದ್ಯಮ ತಾನಾಗಿ ಮಾಡಿಕೊಂಡ ಕಟ್ಟಳೆ. ಹೆಲ್ಮ್ ಮ್ಯಾಂಡೊಲಿನ್ ಅಥವಾ ಗಿಟಾರ್ ಹಿಡಿದ ಕೆಲವು ಹಾಡುಗಳನ್ನು ಬಿಟ್ಟರೆ ಕೊನೆಯವರೆಗೂ ಡ್ರಮ್ಸ್ ಹಿಂದಿನ ಸ್ಟೂಲಿನಿಂದ ಏಳಲಿಲ್ಲ. ಇದನ್ನು ವಿನಯ ಎಂದು ಹೊಗಳುವುದು ಸುಲಭ. ಇದು ಸಂಗೀತದ ಬಗ್ಗೆ ಅವರಿಗಿದ್ದ ಒಂದು ಖಚಿತ ನಿಲುವು ಎಂದೇ ನನಗೆ ಅನ್ನಿಸುತ್ತದೆ.

ಆ ನಿಲುವು ಎಲ್ಲಿಂದ ಬಂತು ಎಂದು ತಿಳಿಯಲು ಅವರು ಬೆಳೆದ ನೆಲವನ್ನು ನೋಡಬೇಕು. ಹೆಲ್ಮ್ ಹುಟ್ಟಿದ್ದು 1940ರ ಮೇ 26ರಂದು, ಆರ್ಕನ್ಸಾ ರಾಜ್ಯದ ಎಲೇನ್ ಎಂಬ ಪುಟ್ಟ ಊರಿನಲ್ಲಿ. ಬೆಳೆದದ್ದು ಹೆಲೆನಾ ಪಟ್ಟಣದ ಪಶ್ಚಿಮಕ್ಕಿರುವ ಟರ್ಕಿ ಸ್ಕ್ರಾಚ್ ಎಂಬ ಹಳ್ಳಿಯಲ್ಲಿ. ತಂದೆ ಜಾಸ್ಪರ್ ಡೈಮಂಡ್ ಹೆಲ್ಮ್, ತಾಯಿ ನೆಲ್, ಇಬ್ಬರೂ ಹತ್ತಿ ಬೆಳೆದು ಬದುಕಿದವರು. ಇಬ್ಬರಿಗೂ ಹಾಡಿನ ಹುಚ್ಚು. ಮಿಸಿಸಿಪ್ಪಿ ನದಿ ತಂದು ಹಾಕಿದ ಮೆಕ್ಕಲು ಮಣ್ಣಿನ ಬಯಲು ಅದು. ಹೊಲದಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಕಪ್ಪು ಜನ. ಅವರ ನಡುವೆ ಹೆಲ್ಮ್ ಮನೆತನದಂಥ ಬಡ ಬಿಳಿಯ ಒಕ್ಕಲುಗಳು.

ಹೆಲೆನಾದ ಕೆಎಫ್‌ಎಫ್‌ಎ ರೇಡಿಯೊ ಕೇಂದ್ರದಲ್ಲಿ 1941ರ ನವೆಂಬರಿನಿಂದ 'ಕಿಂಗ್ ಬಿಸ್ಕಿಟ್ ಟೈಮ್' ಎಂಬ ಕಾರ್ಯಕ್ರಮ ಬರುತ್ತಿತ್ತು. ಮೈದಾ ಹಿಟ್ಟಿನ ಕಂಪನಿಯೊಂದರ ಜಾಹೀರಾತಿಗಾಗಿ ಹುಟ್ಟಿದ ಕಾರ್ಯಕ್ರಮ. ಹೊಲದ ಕೆಲಸಕ್ಕೆ ಮಧ್ಯಾಹ್ನದ ಬಿಡುವಿರುವ ಹೊತ್ತಿಗೆ ಸನಿ ಬಾಯ್ ವಿಲಿಯಮ್ಸನ್ ಎಂದು ಹೆಸರಾದ ಕಪ್ಪು ಕಲಾವಿದ ಮೌತ್ ಆರ್ಗನ್ ನುಡಿಸಿ ಬ್ಲೂಸ್ ಹಾಡುತ್ತಿದ್ದರು. ಪೆಕ್ ಕರ್ಟಿಸ್ ಡ್ರಮ್ಸ್ ಬಾರಿಸುತ್ತಿದ್ದರು. ಹುಡುಗ ಹೆಲ್ಮ್ ಆ ಕೇಂದ್ರಕ್ಕೆ ಹೋಗಿ ಕರ್ಟಿಸ್ ಅವರ ಕೈಯನ್ನೇ ನೋಡುತ್ತ ಕುಳಿತಿರುತ್ತಿದ್ದರೆಂದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಆರನೆಯ ವಯಸ್ಸಿಗೇ ತಂದೆಯ ಜೊತೆ ಹೋಗಿ ಬಿಲ್ ಮನ್ರೊ ಅವರ ಬ್ಲೂಗ್ರಾಸ್ ಕೇಳಿದ್ದು ಇನ್ನೊಂದು ಪ್ರಭಾವ. ಗುಡಾರ ಹಾಕಿ ಆಡುತ್ತಿದ್ದ ಸಂಚಾರಿ ತಂಡಗಳು ಮೂರನೆಯದು. ಮನೆಮಂದಿ ನೋಡುವ ಆಟ ಮುಗಿದ ಮೇಲೆ, ದೊಡ್ಡವರಿಗಾಗಿ ತಡರಾತ್ರಿ ಇನ್ನೊಂದು ಆಟ ಇರುತ್ತಿತ್ತು. ಅದನ್ನು 'ಮಿಡ್‌ನೈಟ್ ರ‍್ಯಾಂಬಲ್' ಎನ್ನುತ್ತಿದ್ದರು. ಈ ಹೆಸರು ಅವರ ಬದುಕಿನ ಕೊನೆಯ ಅಧ್ಯಾಯದಲ್ಲಿ ಮತ್ತೆ ಬರುತ್ತದೆ.

ಬ್ಲೂಸ್ ಕಪ್ಪು ಜನರದು, ಕಂಟ್ರಿ ಬಿಳಿಯರದು ಎಂದು ಧ್ವನಿಮುದ್ರಣ ಕಂಪನಿಗಳು ಆ ಕಾಲಕ್ಕೆ ಬೇರೆ ಬೇರೆ ಪಟ್ಟಿ ಇಟ್ಟಿದ್ದವು. ಟರ್ಕಿ ಸ್ಕ್ರಾಚಿನ ಹುಡುಗನ ಕಿವಿಗೆ ಆ ಪಟ್ಟಿ ಗೊತ್ತಿರಲಿಲ್ಲ. ಎಲ್ಲವೂ ಒಂದೇ ರೇಡಿಯೊದಿಂದ, ಒಂದೇ ಜಾತ್ರೆಯಿಂದ ಬಂದದ್ದು. ಹಾಗೆಂದು ಆ ನೆಲದಲ್ಲಿ ಸೌಹಾರ್ದ ತುಂಬಿ ತುಳುಕುತ್ತಿತ್ತು ಎಂದು ಭಾವಿಸಬಾರದು. ಹೆಲ್ಮ್ ಹುಟ್ಟುವುದಕ್ಕೆ ಸುಮಾರು 20 ವರ್ಷ ಮೊದಲು, 1919ರಲ್ಲಿ, ಅದೇ ಎಲೇನ್ ಸುತ್ತಮುತ್ತ ಕೋರಿಗೆ ಉಳುತ್ತಿದ್ದ ಕಪ್ಪು ರೈತರು ತಮ್ಮ ಹತ್ತಿಗೆ ನ್ಯಾಯವಾದ ಬೆಲೆ ಬೇಕೆಂದು ಸಂಘ ಕಟ್ಟಿದಾಗ ಅವರ ಮೇಲೆ ಬಿಳಿಯರ ಗುಂಪು ಮುಗಿಬಿತ್ತು, ಸೈನ್ಯವೂ ಬಂತು. ಸತ್ತ ಕಪ್ಪು ಜನರ ಸಂಖ್ಯೆ ನೂರನ್ನು ಮೀರಿತ್ತೆಂದು ಇತಿಹಾಸಕಾರರ ಸಾಮಾನ್ಯ ಅಂದಾಜು; ಇನ್ನೂ ಬಹಳ ಹೆಚ್ಚು ಎನ್ನುವವರೂ ಇದ್ದಾರೆ. ಸಂಗೀತ ದಾಟಿದ ಗಡಿಯನ್ನು ಜನ ದಾಟಿರಲಿಲ್ಲ. ಮುಂದೆ ಒಂದು ಹಾಡಿನ ಸಂದರ್ಭದಲ್ಲಿ ಇದು ಮುಖ್ಯವಾಗುತ್ತದೆ.

ಶಾಲೆಯ ದಿನಗಳಲ್ಲಿ ಹೆಲ್ಮ್ ಗಿಟಾರ್ ನುಡಿಸುತ್ತಿದ್ದರು. ಅಕ್ಕ–ತಂಗಿಯರ ಪೈಕಿ ಲಿಂಡಾ ಬಟ್ಟೆ ಒಗೆಯುವ ತೊಟ್ಟಿಗೆ ತಂತಿ ಕಟ್ಟಿದ ಬೇಸ್ ನುಡಿಸುತ್ತಿದ್ದಳು. ಡ್ರಮ್ಸಿನತ್ತ ಒಲಿದದ್ದು ಆಮೇಲೆ. ಆರ್ಕನ್ಸಾದವರೇ ಆದ ಗಾಯಕ ರಾನಿ ಹಾಕಿನ್ಸ್ ಅವರ ತಂಡ ಸೇರಿ 1950ರ ದಶಕದ ಕೊನೆಗೆ ಕೆನಡಾಕ್ಕೆ ಹೋದರು. ಹಾಕಿನ್ಸ್ ಜೊತೆ ಬಂದಿದ್ದ ಉಳಿದ ದಕ್ಷಿಣದವರು ಒಬ್ಬೊಬ್ಬರಾಗಿ ಮನೆಗೆ ಮರಳಿದಂತೆ ಆ ಜಾಗಕ್ಕೆ ಆಂಟಾರಿಯೊ ಪ್ರಾಂತ್ಯದ ಹುಡುಗರು ಬಂದರು: ರಾಬಿ ರಾಬರ್ಟ್‌ಸನ್, ರಿಕ್ ಡ್ಯಾಂಕೊ, ರಿಚರ್ಡ್ ಮ್ಯಾನ್ಯುಯೆಲ್, ಗಾರ್ತ್ ಹಡ್ಸನ್. ನಾಲ್ವರು ಕೆನಡಾದವರು, ಒಬ್ಬ ಅಮೆರಿಕದ ದಕ್ಷಿಣದವನು. 1964ರ ಹೊತ್ತಿಗೆ ಹಾಕಿನ್ಸ್ ಅವರನ್ನು ಬಿಟ್ಟು ಹೊರಬಂದಾಗ ತಂಡಕ್ಕೆ ಅಂಟಿಕೊಂಡ ಹೆಸರು 'ಲೀವನ್ ಅಂಡ್ ದಿ ಹಾಕ್ಸ್'. ಅಂದರೆ ಡ್ರಮ್ಸ್ ಹಿಂದೆ ಕುಳಿತವರೇ ನಾಯಕ. ಇದನ್ನು ಮರೆತರೆ ಮುಂದಿನ ಕಹಿ ಅರ್ಥವಾಗುವುದಿಲ್ಲ.

1965ರಲ್ಲಿ ಬಾಬ್ ಡಿಲನ್ ಅವರಿಗೆ ವಿದ್ಯುತ್ ಗಿಟಾರಿನ ತಂಡ ಬೇಕಾಗಿತ್ತು. ಹಾಕ್ಸ್ ತಂಡ ಅವರ ಜೊತೆ ಹೊರಟಿತು. ಒಂಟಿ ಗಿಟಾರಿನ ಜನಪದ ಗಾಯಕನನ್ನು ಕೇಳಲು ಬಂದ ಜನ ಊರೂರಲ್ಲೂ ಕೂಗಾಡಿ ಎಬ್ಬಿಸುತ್ತಿದ್ದ ಗದ್ದಲ ಹೆಲ್ಮ್ ಅವರಿಗೆ ಸಹಿಸಲಾಗಲಿಲ್ಲ. ಅದೇ ನವೆಂಬರಿನಲ್ಲಿ ತಂಡ ಬಿಟ್ಟು ಹೋದರು. ಕೆಲಕಾಲ ಮೆಕ್ಸಿಕೊ ಕೊಲ್ಲಿಯ ತೈಲಬಾವಿಯ ಕಟ್ಟೆಯಲ್ಲಿ ಕೂಲಿ ಮಾಡಿದರು. ಮರಳಿದ್ದು 1967ರ ಕೊನೆಗೆ, ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ. ವೆಸ್ಟ್ ಸಾಗರ್ಟೀಸಿನಲ್ಲಿ ಗೆಳೆಯರು ಬಾಡಿಗೆಗೆ ಹಿಡಿದಿದ್ದ ಗುಲಾಬಿ ಬಣ್ಣದ ಮನೆಗೆ. ಆ ಮನೆಯ ಹೆಸರನ್ನೇ ಹೊತ್ತ 'ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್' 1968ರ ಜುಲೈನಲ್ಲಿ ಹೊರಬಂತು. ಮರುವರ್ಷ ತಂಡದ ಹೊಸ ಹೆಸರನ್ನೇ ಹೊತ್ತ ಎರಡನೆಯ ಆಲ್ಬಮ್ 'ದಿ ಬ್ಯಾಂಡ್'. 1970ರ ಜನವರಿಯಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಐವರ ಚಿತ್ರ. ಇಷ್ಟು ಬೇಗನೆ ಹೇಳಿ ಮುಗಿಸುತ್ತಿರುವುದಕ್ಕೆ ಕಾರಣವಿದೆ: ಈ ಯಶಸ್ಸಿನ ಕಥೆ ಎಲ್ಲ ಕಡೆ ಸಿಗುತ್ತದೆ, ಅದರೊಳಗಿನ ಲಯದ ಕಥೆ ಅಷ್ಟಾಗಿ ಸಿಗುವುದಿಲ್ಲ.

ಆ ಕಾಲದ ರಾಕ್ ಡ್ರಮ್ಮಿಂಗ್ ಎಂದರೆ ಅಬ್ಬರ. ಹತ್ತು ನಿಮಿಷದ ಒಂಟಿ ವಾದನ, ಎರಡೆರಡು ಬೇಸ್ ಡ್ರಮ್, ಗಿಟಾರಿಗೆ ಸಮಕ್ಕೆ ಸಮ ಗದ್ದಲ. ಹೆಲ್ಮ್ ಹಿಡಿದದ್ದು ವಿರುದ್ಧ ದಿಕ್ಕು. ಎರಡನೆಯ ಆಲ್ಬಮ್ಮಿಗಾಗಿ ಅವರು ಬಳಸಿದ್ದು ಮರದ ರಿಮ್ಮಿನ ಹಳೆಯ ಡ್ರಮ್ಸ್. ತೊಗಲನ್ನು ಸಡಿಲಿಸಿ ಶ್ರುತಿ ಇಳಿಸುತ್ತಿದ್ದರು. ಮೊಳಗು ಉಳಿಯದಂತೆ ಅದುಮುತ್ತಿದ್ದರು. ಹಾಗಾಗಿ ಪೆಟ್ಟು 'ಠಣ್' ಎನ್ನುವುದಿಲ್ಲ, 'ಧೊಪ್' ಎಂದು ಕುಸಿಯುತ್ತದೆ. ಎಡಗೈಯಲ್ಲಿ ಕೋಲು ಹಿಡಿಯುತ್ತಿದ್ದದ್ದು ಹಳೆಯ ಜಾಝ್ ಮತ್ತು ಮಿಲಿಟರಿ ಬ್ಯಾಂಡಿನವರ ಹಾಗೆ, ಅಂಗೈ ಮೇಲಾಗಿ. ಈ ಎಲ್ಲದರ ಫಲ ಒಂದೇ: ಮನುಷ್ಯನ ಕಂಠ ಓಡಾಡುವ ಸ್ಥಾಯಿಯಲ್ಲಿ ಡ್ರಮ್ಸ್ ಅಡ್ಡ ನಿಲ್ಲುವುದಿಲ್ಲ. ಪದಕ್ಕೆ ದಾರಿ ಬಿಟ್ಟು ಕೆಳಗಿನಿಂದ ಅದನ್ನು ಹೊರುತ್ತದೆ.

'ದಿ ವೇಟ್' ಹಾಡನ್ನು ಗಮನವಿಟ್ಟು ಕೇಳಬೇಕು. ಗಿಟಾರಿನ ಸಣ್ಣ ಎತ್ತುಗಡೆ ಮುಗಿದೊಡನೆ ಟಾಮ್ ಡ್ರಮ್ಮಿನ ಕೆಲವೇ ಪೆಟ್ಟು. ಅಲ್ಲಿಗೆ ಹಾಡು ನಡೆಯತೊಡಗಿತು. ಮಧ್ಯಲಯಕ್ಕಿಂತ ಕೊಂಚ ಕೆಳಗೆ, ದಣಿದು ಬಂದ ದಾರಿಹೋಕನ ನಡೆ. ಮೊದಲ ಚರಣಗಳನ್ನು ಹೆಲ್ಮ್ ಹಾಡುತ್ತಾರೆ, ಒಂದನ್ನು ಡ್ಯಾಂಕೊ ಎತ್ತಿಕೊಳ್ಳುತ್ತಾರೆ. ಪಲ್ಲವಿಯ ತುದಿಯಲ್ಲಿ ಕಂಠಗಳು ಒಂದರ ಹಿಂದೊಂದು ಬಂದು ಸೇರುವಾಗ ತಾಳ ಹೆಚ್ಚುಕಡಮೆ ಉಸಿರು ಹಿಡಿದು ನಿಂತಿರುತ್ತದೆ. ಬೇರೆ ಯಾವ ಡ್ರಮ್ಮರ್ ಆಗಿದ್ದರೂ ಆ ಎಡೆಯನ್ನು ತುಂಬುವ ಆಸೆಗೆ ಬೀಳುತ್ತಿದ್ದರು. ಹೆಲ್ಮ್ ಬೀಳಲಿಲ್ಲ. ಆ ಎಡೆಯಿಲ್ಲದಿದ್ದರೆ ಈ ಪಲ್ಲವಿ ಇಷ್ಟು ಜನರ ನೆನಪಿನಲ್ಲಿ ಕೂರುತ್ತಿತ್ತೇ ಎಂಬುದು ನನ್ನ ಅನುಮಾನ.

'ಅಪ್ ಆನ್ ಕ್ರಿಪಲ್ ಕ್ರೀಕ್' ಇನ್ನೊಂದು ಬಗೆ. ಗಾರ್ತ್ ಹಡ್ಸನ್ ಕ್ಲಾವಿನೆಟ್ ಎಂಬ ಕೀಬೋರ್ಡನ್ನು ವಾ-ವಾ ಪೆಡಲಿನ ಮೂಲಕ ನುಡಿಸಿ ಮೋರ್ಸಿಂಗಿನಂಥ ನಾದ ಹೊರಡಿಸುತ್ತಾರೆ. ಅದರ ಅಡಿಯಲ್ಲಿ ಬೇಸ್ ಡ್ರಮ್ ನೇರವಾಗಿ ಎಣಿಸುವುದಿಲ್ಲ, ತುಸು ಓರೆಯಾಗಿ ಬೀಳುತ್ತದೆ. ಸ್ನೇರ್ ಮಾತ್ರ ತನ್ನ ಜಾಗ ಬಿಡುವುದಿಲ್ಲ. ಇದರ ಮೇಲೆ ಕಂಠ ಲಾರಿ ಚಾಲಕನೊಬ್ಬನ ಕಥೆ ಹೇಳುತ್ತ ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಓಲಾಡುತ್ತದೆ. ಕೈ ಒಂದು ಕಾಲಪ್ರಮಾಣದಲ್ಲಿ, ಬಾಯಿ ಇನ್ನೊಂದು ಭಾವದಲ್ಲಿ, ಎರಡೂ ಒಬ್ಬರೇ. ಬೇರೆ ಡ್ರಮ್ಮರ್ ಇದ್ದಿದ್ದರೆ ಗಾಯಕ ಹಿಂದೆ ಬಿದ್ದಾಗ ಕಾಯುತ್ತಿದ್ದ ಅಥವಾ ಎಳೆದು ತರುತ್ತಿದ್ದ. ಇಲ್ಲಿ ಕಾಯುವವರೂ ಇಲ್ಲ, ಎಳೆಯುವವರೂ ಇಲ್ಲ. ಭಾಗವತರು ಜಾಗಟೆ ಹಿಡಿದು ಪದ ಹೇಳುವುದನ್ನು ಕಂಡ ನಮಗೆ ಈ ಸಂಬಂಧ ಬೇಗ ತಿಳಿಯುತ್ತದೆ: ತಾಳ ಯಾರ ಕೈಯಲ್ಲಿದೆಯೋ ಪ್ರಸಂಗ ಅವರ ಹತೋಟಿಯಲ್ಲಿದೆ.

ತನ್ನ ಅಗತ್ಯವಿಲ್ಲದ ಕಡೆ ಹಿಂದೆ ಸರಿಯುವುದೂ ಈ ಹತೋಟಿಯ ಒಂದು ಮುಖ. 'ರ‍್ಯಾಗ್ ಮಾಮಾ ರ‍್ಯಾಗ್' ಹಾಡಿನಲ್ಲಿ ಹೆಲ್ಮ್ ಹಾಡುತ್ತ ಮ್ಯಾಂಡೊಲಿನ್ ನುಡಿಸಿದರು. ಪಿಯಾನೊ ವಾದಕ ಮ್ಯಾನ್ಯುಯೆಲ್ ಡ್ರಮ್ಸಿಗೆ ಕುಳಿತರು. ಬೇಸ್ ನುಡಿಸುವ ಡ್ಯಾಂಕೊ ಪಿಟೀಲು ಹಿಡಿದರು. ಬೇಸ್ ಗಿಟಾರೇ ಇಲ್ಲದ ಆ ಹಾಡಿಗೆ ನಿರ್ಮಾಪಕ ಜಾನ್ ಸೈಮನ್ ಟ್ಯೂಬಾ ಊದಿದರು. ಮ್ಯಾನ್ಯುಯೆಲ್ ಅವರ ಕೈ ಪಳಗಿದ್ದಲ್ಲ, ಮುಗ್ಗರಿಸುವಂತೆ ನಡೆದು ಕೊನೆಗೆ ಹೇಗೋ ನಿಲ್ಲುವಂಥದು. ಆ ಹಾಡಿಗೆ ಅದೇ ಸರಿ ಎಂದು ತಂಡಕ್ಕೆ ಗೊತ್ತಿತ್ತು. ಇಂಥ ತೀರ್ಮಾನಗಳನ್ನು ರಚನೆ ಎನ್ನಬೇಕೇ, ನಿರೂಪಣೆ ಎನ್ನಬೇಕೇ? ಹಕ್ಕಿನ ಜಗಳ ಶುರುವಾಗುವುದು ಈ ಪ್ರಶ್ನೆಯಿಂದ.

ಅದಕ್ಕೆ ಮೊದಲು 'ದಿ ನೈಟ್ ದೇ ಡ್ರೋವ್ ಓಲ್ಡ್ ಡಿಕ್ಸಿ ಡೌನ್' ಹಾಡಿನ ಬಳಿ ನಿಲ್ಲಬೇಕು. ಅಮೆರಿಕದ ಅಂತರ್ಯುದ್ಧ ಮುಗಿಯುವ 1865ರ ಚಳಿಗಾಲದಲ್ಲಿ ಸೋತ ದಕ್ಷಿಣದ ಬಡ ಬಿಳಿಯ ರೈತನೊಬ್ಬ ತನ್ನ ಹಸಿವನ್ನೂ ಸತ್ತ ಸಹೋದರನನ್ನೂ ನೆನೆಯುವ ಹಾಡು ಅದು. ಬರೆದವರು ಟೊರಾಂಟೊದ ರಾಬರ್ಟ್‌ಸನ್. ಅಮೆರಿಕದ ಶಾಲೆಯಲ್ಲಿ ಓದಿದವರಲ್ಲ. ಅವರನ್ನು ಗ್ರಂಥಾಲಯಕ್ಕೆ ಕರೆದೊಯ್ದು ಆ ಕಾಲದ ಇತಿಹಾಸ, ಭೂಗೋಳ ಓದಿಸಿದ್ದು ತಾನೆಂದು ಹೆಲ್ಮ್ ಬರೆದುಕೊಂಡಿದ್ದಾರೆ. ಹಾಡಿದ್ದು ಹೆಲ್ಮ್. ಆ ಉಚ್ಚಾರಣೆ, ಪದದ ಕೊನೆಯನ್ನು ನುಂಗುವ ಆ ಆರ್ಕನ್ಸಾ ಎಳೆತ, ಪಲ್ಲವಿಗೆ ಹೊರಳುವ ಮುನ್ನ ಸ್ನೇರಿನ ಮೇಲೆ ಉರುಳುವ ಕೋಲುಗಳು, ಇವಿಲ್ಲದೆ ಆ ಹಾಡು ಪಠ್ಯಪುಸ್ತಕದ ಪದ್ಯವಾಗುತ್ತಿತ್ತು. 1971ರಲ್ಲಿ ಜೋನ್ ಬಯೇಜ್ ಅದನ್ನು ಹಾಡಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೆ ಒಯ್ದರು. ಸುಶ್ರಾವ್ಯವಾಗಿದೆ, ನಿಜ, ಆದರೆ ಆ ರೈತ ಅಲ್ಲಿಲ್ಲ.

ಈ ಹಾಡಿನ ವಿರುದ್ಧ ಒಂದು ಗಂಭೀರ ಆಕ್ಷೇಪವಿದೆ. ದಕ್ಷಿಣ ಸೋತದ್ದು ಯಾವ ಯುದ್ಧದಲ್ಲಿ? ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳುವ ಹಕ್ಕಿಗಾಗಿ ಹೂಡಿದ ಯುದ್ಧದಲ್ಲಿ. ಹಾಡಿನಲ್ಲಿ ಗುಲಾಮರ ಸುಳಿವೇ ಇಲ್ಲ. ಒಡೆಯರ ಪಾಳಯದ ದುಃಖಕ್ಕೆ ನಾವೇಕೆ ಕಣ್ಣೀರು ಹಾಕಬೇಕು ಎಂದು ಕಪ್ಪು ಸಮುದಾಯದ ಬರಹಗಾರರು ಕೇಳಿದ್ದಾರೆ. ಬಡ ರೈತನಿಗೂ ತೋಟದ ಧಣಿಗೂ ವ್ಯತ್ಯಾಸವಿದೆ ಎಂದು ಸಮರ್ಥಿಸುವವರಿದ್ದಾರೆ. ವ್ಯತ್ಯಾಸ ಇದೆ, ಒಪ್ಪೋಣ. ಆದರೆ 1919ರಲ್ಲಿ ಎಲೇನ್ ಸುತ್ತ ಬಂದೂಕು ಹಿಡಿದ ಗುಂಪಿನಲ್ಲಿ ಧಣಿಗಳಷ್ಟೇ ಇರಲಿಲ್ಲ. ನನ್ನ ಮಟ್ಟಿಗೆ ಈ ಹಾಡು ಹೆಲ್ಮ್ ಅವರ ಅತ್ಯುತ್ತಮ ಗಾಯನಗಳಲ್ಲಿ ಒಂದು, ಅಷ್ಟೇ ತೊಡಕಿನದೂ ಹೌದು. ಗುಲಾಮರ ಬಗೆಗಿನ ಆ ಮೌನವನ್ನು ಕಂಠದ ಸೊಗಸು ಮುಚ್ಚಲಾರದು. ಪೆಕ್ ಕರ್ಟಿಸ್ ಅವರನ್ನು ನೋಡಿ ಪಳಗಿದ ಕೈಗಳೇ ಡಿಕ್ಸಿಯ, ಅಂದರೆ ಆ ದಕ್ಷಿಣದ, ಪತನಕ್ಕೆ ತಾಳ ಹಾಕುತ್ತಿವೆ ಎಂಬುದು ಅಮೆರಿಕದ ಸಂಗೀತದ ಗಂಟು. ಅದನ್ನು ಬಿಡಿಸಿ ತೋರಿಸುವ ಜವಾಬ್ದಾರಿ ಒಬ್ಬ ಗಾಯಕನ ಮೇಲಷ್ಟೇ ಬೀಳುವುದಿಲ್ಲ. ಕಪ್ಪು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ 1975ರ ವುಡ್‌ಸ್ಟಾಕ್ ಆಲ್ಬಮ್ಮನ್ನು ಹೆನ್ರಿ ಗ್ಲೋವರ್ ಅವರೊಡನೆ ನಿರ್ಮಿಸಿದವರು ಹೆಲ್ಮ್ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮರುವರ್ಷ ತಂಡದ ವಿದಾಯ ಕಚೇರಿಗೆ ಅತಿಥಿಗಳು ಹೆಚ್ಚಾದರೆಂದು ಮಡ್ಡಿ ವಾಟರ್ಸ್ ಅವರನ್ನು ಕೈಬಿಡುವ ಮಾತು ಬಂದಾಗ ತಾನು ಕೆರಳಿ ತಡೆದೆನೆಂದೂ ಅವರು ದಾಖಲಿಸಿದ್ದಾರೆ.

1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ನಡೆದ ಆ ಕಚೇರಿಯನ್ನು ಮಾರ್ಟಿನ್ ಸ್ಕಾರ್ಸೆಸಿ 'ದಿ ಲಾಸ್ಟ್ ವಾಲ್ಟ್ಜ್' ಎಂಬ ಚಿತ್ರವಾಗಿಸಿದರು. ಡ್ರಮ್ಸ್ ಬಾರಿಸುತ್ತ ಹಾಡುವುದು ದೇಹಕ್ಕೆ ಎಂಥ ಕೆಲಸ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ. ಮೈಕ್ ಡ್ರಮ್ಸಿನ ಪಕ್ಕದಲ್ಲಿದೆ; ಹೆಲ್ಮ್ ಕತ್ತು ಹೊರಳಿಸಿ, ಗದ್ದ ಎತ್ತಿ, ಭುಜವನ್ನು ಏರಿಸಿಕೊಂಡು ಹಾಡುತ್ತಾರೆ. ಕೈಗಳು ಎಲ್ಲಿ ಬೀಳುತ್ತಿವೆ ಎಂದು ನೋಡುವುದೇ ಇಲ್ಲ. ಕುತ್ತಿಗೆಯ ನರ ಬಿಗಿದಿದೆ, ಮಣಿಕಟ್ಟು ಸಡಿಲವಾಗಿದೆ. ಡಿಕ್ಸಿಯ ಹಾಡನ್ನು ಅವರು ಆ ರಾತ್ರಿಯ ಬಳಿಕ ಮತ್ತೆ ಹಾಡಲಿಲ್ಲ. ಕಾರಣದ ಬಗ್ಗೆ ಸುತ್ತಲಿದ್ದವರ ಮಾತು ಒಂದೇ ತೆರನಾಗಿಲ್ಲ. ಚಿತ್ರದ ಬಗ್ಗೆ ಮಾತ್ರ ಹೆಲ್ಮ್ ಅವರ ದೂರು ಸ್ಪಷ್ಟ: ಕ್ಯಾಮರಾ ಸದಾ ರಾಬರ್ಟ್‌ಸನ್ ಅವರತ್ತ, ಮ್ಯಾನ್ಯುಯೆಲ್ ಕಂಡರೆ ಕಂಡರು ಇಲ್ಲದಿದ್ದರೆ ಇಲ್ಲ. ಚಿತ್ರದ ನಿರ್ಮಾಪಕರು ರಾಬರ್ಟ್‌ಸನ್ ಅವರೇ ಆಗಿದ್ದರು. ದೂರಿನಲ್ಲಿ ಹುರುಳಿದೆ ಎಂದು ಚಿತ್ರ ನೋಡಿದ ಯಾರಿಗಾದರೂ ಅನ್ನಿಸೀತು.

ಈಗ ಹಕ್ಕಿನ ವಿಷಯ. ತಂಡದ ಎರಡನೆಯ ಆಲ್ಬಮ್ಮಿನಲ್ಲಿ 12 ಹಾಡುಗಳಿವೆ. ಎಂಟಕ್ಕೆ ರಾಬರ್ಟ್‌ಸನ್ ಒಬ್ಬರ ಹೆಸರು. ಮೂರಕ್ಕೆ ಅವರ ಜೊತೆ ಮ್ಯಾನ್ಯುಯೆಲ್. ಒಂದಕ್ಕೆ ಮಾತ್ರ ಹೆಲ್ಮ್. 'ದಿ ವೇಟ್' ಕೂಡ ರಾಬರ್ಟ್‌ಸನ್ ಒಬ್ಬರದೇ. ಹಾಡು ರೇಡಿಯೊದಲ್ಲಿ ಬಂದಾಗ, ಇನ್ನೊಬ್ಬರು ಹಾಡಿದಾಗ, ಸಿನಿಮಾದಲ್ಲಿ ಬಳಸಿದಾಗ ರಚನೆಕಾರರ ಖಾತೆಗೆ ಹಣ ಬರುತ್ತದೆ. ಅಮೆರಿಕದಲ್ಲಿ ಸಾಮಾನ್ಯ ರೇಡಿಯೊ ಪ್ರಸಾರಕ್ಕೆ ಹಾಡಿದವರಿಗೂ ನುಡಿಸಿದವರಿಗೂ ಗೌರವಧನದ ಹಕ್ಕು ಇಲ್ಲವೇ ಇಲ್ಲ. ಒಂದೇ ಕೋಣೆಯಲ್ಲಿ ಕುಳಿತು ಕಟ್ಟಿದ ಹಾಡುಗಳಿಂದ ಒಬ್ಬರ ಬದುಕು ಸುಖವಾಯಿತು, ಉಳಿದವರದು ಊರೂರು ತಿರುಗುವ ದುಡಿಮೆಯಾಯಿತು. 1986ರಲ್ಲಿ ಮ್ಯಾನ್ಯುಯೆಲ್ ಫ್ಲಾರಿಡಾದ ಮೋಟೆಲೊಂದರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1999ರಲ್ಲಿ ಡ್ಯಾಂಕೊ ತೀರಿಕೊಂಡರು. ಹೆಲ್ಮ್ 1993ರ ತಮ್ಮ ಆತ್ಮಕಥೆಯಲ್ಲಿ ಗೆಳೆಯ ರಾಬರ್ಟ್‌ಸನ್ ಮೇಲೆ ನೇರವಾಗಿ ಆರೋಪ ಹೊರಿಸಿದರು. ಮರುವರ್ಷ ತಂಡವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿದ ಸಮಾರಂಭಕ್ಕೆ ಹೋಗಲಿಲ್ಲ.

ರಾಬರ್ಟ್‌ಸನ್ ಅವರ ವಾದವನ್ನೂ ಕೇಳಬೇಕು. ಕಾಗದದ ಮುಂದೆ ಕುಳಿತು ಬರೆದದ್ದು ತಾನು. ಉಳಿದವರಿಗೆ ಬರೆಯಿರಿ ಎಂದು ಹುರಿದುಂಬಿಸಿದೆ, ಅವರು ಬರೆಯಲಿಲ್ಲ. ಮಾದಕ ವಸ್ತುಗಳು ಅವರ ಹಗಲನ್ನೇ ನುಂಗಿದ್ದವು ಎಂಬುದು ಅವರ ಮಾತಿನ ಸಾರ. ಹೆಲ್ಮ್ ಕೂಡ ಆ ಚಟದ ದಿನಗಳನ್ನು ಬಚ್ಚಿಟ್ಟವರಲ್ಲ. ರಾಬರ್ಟ್‌ಸನ್ ಸುಳ್ಳು ಹೇಳುತ್ತಿದ್ದರು ಎಂದು ನನಗೆ ತೋರುವುದಿಲ್ಲ. ಹೆಲ್ಮ್ ಅವರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಕಾನೂನಿನ ಅರ್ಥದಲ್ಲಿ 'ಬರೆದೆ' ಎನ್ನುತ್ತಿದ್ದರು, ಇನ್ನೊಬ್ಬರು 'ಮಾಡಿದೆವು' ಎನ್ನುತ್ತಿದ್ದರು. ಹಾಗಿದ್ದೂ, ತಂಡದ ಒಪ್ಪಂದ ಮಾಡಿಕೊಳ್ಳುವಾಗಲೇ ಎಲ್ಲರ ಹೆಸರನ್ನೂ ಹಾಕುವ ದಾರಿ ತೆರೆದಿತ್ತು. ಹಾಗೆ ಮಾಡಿಕೊಂಡ ರಾಕ್ ತಂಡಗಳು ಇವೆ. ಆ ದಾರಿ ಹಿಡಿಯದಿದ್ದುದರ ಲಾಭ ಸಂದದ್ದು ಒಬ್ಬರಿಗೇ ಎಂಬುದನ್ನು ನಾನು ಮರೆಸಿ ಹೇಳಲಾರೆ.

ಇದು ಒಂದು ತಂಡದ ಮನೆಜಗಳವಲ್ಲ. ಜೇಮ್ಸ್ ಬ್ರೌನ್ ಅವರ 1970ರ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ ಕೆಲವು ಸೆಕೆಂಡುಗಳ ತುಣುಕನ್ನು ಹಿಪ್‌ಹಾಪ್ ಕಲಾವಿದರು ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಕತ್ತರಿಸಿ ಬಳಸಿದರು. ರಚನೆಕಾರರ ಪಟ್ಟಿಯಲ್ಲಿ ಸ್ಟಬಲ್‌ಫೀಲ್ಡ್ ಇರಲಿಲ್ಲ, ಹಾಗಾಗಿ ಆ ಬಾಬಿನ ಹಣವೂ ಬರಲಿಲ್ಲ. ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ಪ್ರಕರಣವಿದೆ. ಪ್ರೋಕಲ್ ಹಾರಮ್ ತಂಡದ 1967ರ ಪ್ರಸಿದ್ಧ ಹಾಡು 'ಎ ವೈಟರ್ ಶೇಡ್ ಆಫ್ ಪೇಲ್'. ಅದಕ್ಕೆ ಆರ್ಗನ್ ನುಡಿಸಿದ್ದ ಮ್ಯಾಥ್ಯೂ ಫಿಶರ್ ದಶಕಗಳ ನಂತರ ಮೊಕದ್ದಮೆ ಹೂಡಿದರು. 2009ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಅವರನ್ನು ಸಹರಚನೆಕಾರರೆಂದು ಎತ್ತಿಹಿಡಿಯಿತು, ಶೇಕಡ 40ರ ಪಾಲು ಉಳಿಯಿತು. ವಾದ್ಯಗಾರರಿಗೆ ದೊಡ್ಡ ಗೆಲುವು ಅದು. ಆದರೆ ಗೆದ್ದದ್ದು ಸ್ವರಗಳಲ್ಲಿ ಬರೆದಿಡಬಹುದಾದ ಒಂದು ಧಾಟಿ. 'ದಿ ವೇಟ್' ಹಾಡಿನಲ್ಲಿ ಹೆಲ್ಮ್ ಬಾರಿಸದೆ ಬಿಟ್ಟ ಎಡೆಯನ್ನು ನ್ಯಾಯಾಲಯದ ಮುಂದೆ ಯಾವ ಕಾಗದದಲ್ಲಿ ಇಡುವುದು? ಕಾಗದದ ಮೇಲೆ ಕಾಣುವುದನ್ನೇ ಕೃತಿ ಎಂದು ನಂಬಿದ ಕಾಲದಲ್ಲಿ ರೂಪುಗೊಂಡ ಕಲ್ಪನೆಗಳು ಧ್ವನಿಮುದ್ರಣವೇ ಕೃತಿಯಾದ ಕಾಲಕ್ಕೂ ಮುಂದುವರಿದಿವೆ. ಹೆಲ್ಮ್ ತೀರಿಕೊಂಡ 2012ರಲ್ಲೇ ನಮ್ಮ ದೇಶ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು, ವಾಣಿಜ್ಯ ಬಳಕೆಯಲ್ಲಿ ಪ್ರದರ್ಶಕ ಕಲಾವಿದರಿಗೂ ಗೌರವಧನದ ಹಕ್ಕಿದೆ ಎಂದು ಬರೆದುಕೊಂಡಿತು. ಕಾಯಿದೆಯಲ್ಲಿ ಬರೆದದ್ದು ಡೋಲಕ್–ತಬಲಾದವರ ಕೈಗೆ ಎಷ್ಟು ತಲುಪುತ್ತಿದೆ ಎಂಬುದು ಬೇರೆಯದೇ ಉಪನ್ಯಾಸದ ವಿಷಯ.

1998ರಲ್ಲಿ ಹೆಲ್ಮ್ ಅವರಿಗೆ ಗಂಟಲಿನ ಕ್ಯಾನ್ಸರ್ ಪತ್ತೆಯಾಯಿತು. ಧ್ವನಿಪೆಟ್ಟಿಗೆಯನ್ನು ತೆಗೆಸುವ ಬದಲು ಅವರು ವಿಕಿರಣ ಚಿಕಿತ್ಸೆಯನ್ನು ಆರಿಸಿಕೊಂಡರು. 28 ಸುತ್ತು ನಡೆಯಿತು. ಗೆಡ್ಡೆ ಹೋಯಿತು, ಧ್ವನಿಯೂ ಹೋಯಿತು. ಪಿಸುಮಾತು ಉಳಿಯಿತು. ಆ ಹೊತ್ತಿನಲ್ಲಿ ಅವರು 'ಬಾರ್ನ್ ಬರ್ನರ್ಸ್' ಎಂಬ ಬ್ಲೂಸ್ ತಂಡ ಕಟ್ಟಿಕೊಂಡು ಬರಿಯ ಡ್ರಮ್ಸ್ ಬಾರಿಸಿದರು. ಹಾಡಲು ಮಗಳು ಏಮಿ ಮತ್ತು ಇತರರು. ಎರಡು ವೃತ್ತಿಗಳಲ್ಲಿ ಒಂದನ್ನು ಕಳೆದುಕೊಂಡವರು ಇನ್ನೊಂದರಲ್ಲಿ ಪೂರ್ತಿಯಾಗಿ ನಿಂತ ವರ್ಷಗಳಿವು. ಅವರನ್ನು ಮೊದಲು ಗಾಯಕ ಎಂದು ಕರೆಯಬೇಕೋ ಡ್ರಮ್ಮರ್ ಎಂದೋ ಎಂಬ ಚರ್ಚೆಗೆ ಈ ವರ್ಷಗಳೇ ಉತ್ತರ ಕೊಡುತ್ತವೆ.

ಆಸ್ಪತ್ರೆಯ ಸಾಲ ಬೆಳೆದಿತ್ತು, ಮನೆ ಅಡವಿನಲ್ಲಿತ್ತು. ವುಡ್‌ಸ್ಟಾಕಿನಲ್ಲಿ ಮನೆಯೂ ಸ್ಟುಡಿಯೊವೂ ಆಗಿದ್ದ ದೊಡ್ಡ ಕಣಜದ ಕಟ್ಟಡದಲ್ಲಿ 2004ರಿಂದ ಅವರು ಕಚೇರಿ ನಡೆಸತೊಡಗಿದರು. ಹೆಸರು 'ಮಿಡ್‌ನೈಟ್ ರ‍್ಯಾಂಬಲ್'. ಹುಡುಗನಾಗಿದ್ದಾಗ ಕಂಡ ಗುಡಾರದ ಆಟವನ್ನು ತಮ್ಮ ಮನೆಯೊಳಗೆ ತಂದುಕೊಂಡರು ಎನ್ನಬಹುದು. ಟಿಕೆಟ್ ಕೊಂಡ ಜನ ಡ್ರಮ್ಸಿನಿಂದ ಕೆಲವೇ ಅಡಿ ದೂರದಲ್ಲಿ ಕೂರುತ್ತಿದ್ದರು. ಬೇರೆ ಊರಿಗೆ ಹೋಗುವ ಶಕ್ತಿ ಇಲ್ಲದವರ ಬಳಿಗೆ ಊರೇ ಬಂತು. ಗಿಟಾರ್ ಮತ್ತು ಪಿಟೀಲಿನ ಲ್ಯಾರಿ ಕ್ಯಾಂಬೆಲ್ ಇಡೀ ತಂಡವನ್ನು ಹೊಂದಿಸಿದರು. ಧ್ವನಿ ಸ್ವಲ್ಪ ಸ್ವಲ್ಪವಾಗಿ ಮರಳಿತು. ಮೊದಲಿನ ದಟ್ಟತನ ಇರಲಿಲ್ಲ. ಸೀಳು ಬಿದ್ದ, ಒಣಗಿದ ಕಂಠ. ಆದರೆ ಎಲ್ಲಿ ಪದ ಇಡಬೇಕು ಎಂಬ ಲೆಕ್ಕ ಹಾಗೇ ಇತ್ತು. ಅದು ಕೈಯಲ್ಲಿದ್ದ ಲೆಕ್ಕ.

ನಟರಾಗಿಯೂ ಅವರು ಸಣ್ಣವರಲ್ಲ. 1980ರ 'ಕೋಲ್ ಮೈನರ್ಸ್ ಡಾಟರ್' ಚಿತ್ರದಲ್ಲಿ ಗಾಯಕಿ ಲೊರೆಟಾ ಲಿನ್ ಅವರ ಗಣಿ ಕಾರ್ಮಿಕ ತಂದೆಯ ಪಾತ್ರ ನೆನಪಿನಲ್ಲಿ ಉಳಿಯುವಂಥದು. 1989ರಲ್ಲಿ ರಿಂಗೊ ಸ್ಟಾರ್ ತಮ್ಮ ಮೊದಲ ಆಲ್‌ಸ್ಟಾರ್ ತಂಡ ಕಟ್ಟಿದಾಗ ಹೆಲ್ಮ್, ಜಿಮ್ ಕೆಲ್ಟ್‌ನರ್ ಇಬ್ಬರನ್ನೂ ಕರೆದು ಒಂದೇ ವೇದಿಕೆಯ ಮೇಲೆ ಮೂವರು ಡ್ರಮ್ಮರುಗಳನ್ನು ಕೂರಿಸಿದರು. ಮೂವರೂ ಕಡಮೆ ಬಾರಿಸುವುದಕ್ಕೆ ಹೆಸರಾದವರು ಎಂಬುದು ತಮಾಷೆ. 2012ರ ಏಪ್ರಿಲಿನಲ್ಲಿ ಹೆಲ್ಮ್ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ರಾಬರ್ಟ್‌ಸನ್ ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತು ಹೋದರು. ಅಲ್ಲಿ ರಾಜಿಯಾಯಿತೆಂದು ಪತ್ರಿಕೆಗಳು ಬರೆದವು. ಮಾತಾಡುವ ಸ್ಥಿತಿಯಲ್ಲಿಲ್ಲದವರ ಜೊತೆ ರಾಜಿ ಎಂಬ ಪದ ನನಗೆ ಒಗ್ಗುವುದಿಲ್ಲ. ವುಡ್‌ಸ್ಟಾಕಿನ ಸ್ಮಶಾನದಲ್ಲಿ ಅವರನ್ನು ರಿಕ್ ಡ್ಯಾಂಕೊ ಅವರ ಪಕ್ಕದಲ್ಲಿ ಮಣ್ಣುಮಾಡಿದರು. ಅದೇ ಅಕ್ಟೋಬರಿನಲ್ಲಿ ಕಣಜದ ಮನೆಯನ್ನು ಉಳಿಸಿಕೊಳ್ಳಲು ಗೆಳೆಯರು ನ್ಯೂಜೆರ್ಸಿಯಲ್ಲಿ ದೊಡ್ಡ ಕಚೇರಿ ನಡೆಸಿದರು. ಕಟ್ಟಡ ಉಳಿಯಿತು, ಅಲ್ಲಿನ ಕಚೇರಿಗಳೂ ಮುಂದುವರಿದವು.

ಒಂದು ವಿಷಯ ಉಳಿದಿದೆ, 2007ರ 'ಡರ್ಟ್ ಫಾರ್ಮರ್' ಆಲ್ಬಮ್. ಲ್ಯಾರಿ ಕ್ಯಾಂಬೆಲ್ ಮತ್ತು ಏಮಿ ಹೆಲ್ಮ್ ನಿರ್ಮಿಸಿದ್ದು, ತಂದೆ–ತಾಯಿಗೆ ಅರ್ಪಿಸಿದ್ದು. ಅದಕ್ಕೂ ಅದರ ನಂತರದ 'ಎಲೆಕ್ಟ್ರಿಕ್ ಡರ್ಟ್', 'ರ‍್ಯಾಂಬಲ್ ಅಟ್ ದಿ ರೈಮನ್' ಎಂಬೆರಡಕ್ಕೂ ಗ್ರ್ಯಾಮಿ ಪ್ರಶಸ್ತಿ ಬಂತು. 'ಅಮೆರಿಕಾನಾ' ಎಂಬ ಹೊಸ ವಿಭಾಗ ತೆರೆದಾಗ ಮೊದಲ ಪ್ರಶಸ್ತಿ ಸಂದದ್ದೇ ಹೆಲ್ಮ್ ಅವರಿಗೆ. 'ಡರ್ಟ್ ಫಾರ್ಮರ್' ಆಲ್ಬಮ್ಮಿನಲ್ಲಿ ಈಚಿನ ರಚನೆಕಾರರ ಹಾಡುಗಳೂ ಇವೆ. ಆದರೆ ಅದರ ಬೆನ್ನೆಲುಬು ಟರ್ಕಿ ಸ್ಕ್ರಾಚಿನ ಮನೆಯಲ್ಲಿ ಹೆತ್ತವರ ಬಾಯಿಂದ ಕಲಿತ ಹಳೆಯ ಹಾಡುಗಳು. ಅಂಥವುಗಳ ಮುಂದೆ ರಚನೆಕಾರರ ಹೆಸರಿನ ಜಾಗದಲ್ಲಿ 'ಸಾಂಪ್ರದಾಯಿಕ' ಎಂದಷ್ಟೇ ಇರುತ್ತದೆ. ಅವನ್ನು ಯಾರು ಬೇಕಾದರೂ ಹಾಡಬಹುದು, ಯಾರಿಗೂ ಬಾಡಿಗೆ ಕೊಡಬೇಕಿಲ್ಲ. ಹಾಡಿನ ಒಡೆತನಕ್ಕಾಗಿ ಬದುಕಿನ ಅರ್ಧಭಾಗ ಜಗಳವಾಡಿದವರು, ಧ್ವನಿ ಮರಳಿದ ಮೇಲೆ ಮೊದಲು ಎತ್ತಿಕೊಂಡದ್ದು ಇವನ್ನು. ಅವುಗಳಿಗೂ ತಾಳ ಹಾಕಿದ್ದು ಅವರೇ.